ಓಡಿದ್ರೆ ಎದೆ ಡವಡವ ಅಂದು ಪ್ಯಾನಿಕ್ ಅಟ್ಯಾಕ್ ಥರನೇ ಆಗುತ್ತೆ, ವ್ಯಾಯಾಮ ಮಾಡ್ಬೇಕಾ ಬಿಡ್ಬೇಕಾ?

ಹಾಸನದ_ಹುಡುಗ:

ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ್ನೇ ಸಲ ಬರೀತಿರೋದು, ಉದ್ದ ಆಯ್ತು ಅಂತ ಬೇಜಾರ್ ಮಾಡ್ಕೋಬೇಡಿ. ವಯಸ್ಸು 34, ಊರು ಹಾಸನ ಹತ್ರ, ಕೆಲ್ಸ ಬೆಂಗ್ಳೂರಲ್ಲಿ. ಬಿಪಿ ಇಲ್ಲ ಶುಗರ್ ಇಲ್ಲ, ಸಿಗರೇಟ್ ಮುಟ್ಟಿಲ್ಲ. ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದೆ, ಆಮೇಲೂ ವಾರಕ್ಕೆ ನಾಕು ದಿನ ಜಿಮ್ ಇತ್ತು.

2025ರ ಜೂನ್ ಜುಲೈ ನೆನಪಿದ್ಯಲ್ಲ, ನಮ್ಮ ಜಿಲ್ಲೆ ಹೆಸ್ರು ದಿನಾ ಟೀವಿಲಿ. ಹಾಸನದಲ್ಲಿ ಇನ್ನೊಂದು ಹಾರ್ಟ್ ಅಟ್ಯಾಕ್, ಇವತ್ತು ಇನ್ನೊಂದು, ಒಂದೂವರೆ ತಿಂಗ್ಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಾವು, ಅದ್ರಲ್ಲಿ ವಯಸ್ಸಿನ ಹುಡುಗ್ರು ಅಂತ. ಬೆಳಗ್ಗೆ ಎದ್ದು ವಾಟ್ಸಾಪ್ ತೆಗೆದ್ರೆ ಮನೆ ಗ್ರೂಪಲ್ಲಿ ಅದೇ ಫೋಟೋಗಳು. ಅಮ್ಮ ದಿನಾ ಫೋನ್ ಮಾಡಿ ಜಿಮ್ಗೆ ಮಾತ್ರ ಹೋಗ್ಬೇಡ ಕಣೋ ಅನ್ನೋರು, ನಾನು ಹೂಂ ಅಂದು ಹೋಗ್ತಿದ್ದೆ. ಆ ಜುಲೈಲೇ ಒಂದಿನ ಸಂಜೆ ಟ್ರೆಡ್‌ಮಿಲ್ ಮೇಲೆ ಹನ್ನೆರಡು ನಿಮಿಷ ಓಡಿರಬೇಕು, ವಾಚ್ ನೋಡಿದೆ ಎದೆ ಬಡಿತ 158 ತೋರಿಸ್ತು, ನೋಡಿದ್ದೇ ತಡ ಏನೋ ಆಗೋಯ್ತು. ಎದೆ ಹಿಡ್ಕೊಂಡಂಗೆ, ಉಸಿರು ಸಾಲ್ತಿಲ್ಲ, ಬೆರಳೆಲ್ಲ ಜೋಮು, ತುಟಿ ಸುತ್ತ ಜುಮ್ಮಂತು, ಸುತ್ತ ಇರೋ ಜನ ಎಲ್ಲ ಗಾಜಿನ ಆಚೆ ಇದ್ದಂಗೆ ಕಾಣ್ತಿದ್ರು. ಇವತ್ತು ನನ್ ಸರದಿ ಅನ್ಕೊಂಡೆ, ನಿಜ ಹೇಳ್ತೀನಿ, ಮಗಳ ಮುಖ ಕಣ್ಮುಂದೆ ಬಂತು.

ಆಸ್ಪತ್ರೆಗೆ ಹೋದ್ವಿ. ಇಸಿಜಿ, ರಕ್ತ ಪರೀಕ್ಷೆ, ಎಕೋ, ಮಾರನೇ ವಾರ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡ್ಸಿ ಹಾರ್ಟ್ ನೋಡೋ ಟೆಸ್ಟ್) ಎಲ್ಲ ಮಾಡಿದ್ರು. ಎಲ್ಲ ನಾರ್ಮಲ್. ಅಲ್ಲಿದ್ದ ಒಬ್ರು "ಟೆನ್ಷನ್ ಮಾಡ್ಕೋಬೇಡಿ, ಗ್ಯಾಸ್ಟ್ರಿಕ್ ಇರ್ಬೋದು" ಅಂದು ಕಳ್ಸಿದ್ರು, ಟೆನ್ಷನ್ ಹೆಂಗೆ ಮಾಡ್ಕೋಬಾರ್ದು ಅಂತ ಯಾರೂ ಹೇಳ್ಲಿಲ್ಲ. ಆಮೇಲೆ ರಾತ್ರಿ ನಿದ್ದೆಲಿ ಎರಡು ಸಲ ಆಯ್ತು, ಕನಸೂ ಇಲ್ಲ ಏನೂ ಇಲ್ಲ, ಸುಮ್ನೆ ಧಡಕ್ಕಂತ ಎದ್ದು ಕೂತು ಒದ್ದಾಡ್ತಿದ್ದೆ. ಇನ್ನೊಂದು ಸಲ ಮೆಟ್ರೋಲಿ ಮೆಜೆಸ್ಟಿಕ್ ಹತ್ರ. ಕೊನೆಗೆ ಸೈಕಿಯಾಟ್ರಿಸ್ಟ್ ಹತ್ರ ಹೋದಾಗ ಇದು ಪ್ಯಾನಿಕ್ ಅಂದ್ರು, ಮಾತ್ರೆ ಬರ್ಕೊಟ್ಟಿದಾರೆ, ಇನ್ನೂ ಶುರು ಮಾಡಿಲ್ಲ, ಭಯ.

ಈಗ ಪರಿಸ್ಥಿತಿ ಏನಂದ್ರೆ ಜಿಮ್ ಬಿಟ್ಟು ಐದು ತಿಂಗ್ಳಾಯ್ತು. ಮೂರ್ನೇ ಫ್ಲೋರಿಗೂ ಲಿಫ್ಟ್. ಮಗಳನ್ನ ಎತ್ಕೊಂಡು ಆಟ ಆಡ್ಸೋಕೂ ಹೆದರಿಕೆ, ಎಲ್ಲಿ ಬಡಿತ ಜಾಸ್ತಿ ಆಗುತ್ತೋ ಅಂತ. ಪರ್ಸಲ್ಲಿ ಸಾರ್ಬಿಟ್ರೇಟ್ ಅಂತ ಹಾರ್ಟ್ ಮಾತ್ರೆ ಇಟ್ಕೊಂಡೇ ಓಡಾಡ್ತೀನಿ. ಗಂಟೆಗೆ ಹತ್ತು ಸಲ ವಾಚ್ ನೋಡ್ತೀನಿ. ಎಲ್ರೂ ಹೇಳೋದು ಒಂದೇ, ವ್ಯಾಯಾಮ ಮಾಡು ಪ್ಯಾನಿಕ್ ಹೋಗುತ್ತೆ ಅಂತ. ಆದ್ರೆ ನಂಗೆ ವ್ಯಾಯಾಮ ಮಾಡಿದ್ರೇನೇ ಪ್ಯಾನಿಕ್ ಬರೋದಲ್ವಾ? ಓಡಿದಾಗ ಆಗೋದೂ ಅದೇ, ಅಟ್ಯಾಕಲ್ಲಿ ಆಗೋದೂ ಅದೇ, ಎದೆ ಬಡಿತ, ಬೆವರು, ಏದುಸಿರು. ಹೆಂಗೆ ವ್ಯತ್ಯಾಸ ತಿಳ್ಕೋಳೋದು? ಯಾರಾದ್ರೂ ಇದ್ರಿಂದ ಆಚೆ ಬಂದಿದ್ರೆ ದಯವಿಟ್ಟು ಹೇಳಿ, ಹೆಂಗ್ ಶುರು ಮಾಡಿದ್ರಿ.

ಮೆಟ್ಟಿಲು_ಮೈಸೂರು:

ನೀವು ಕೇಳಿರೋ ಪ್ರಶ್ನೇಲೇ ಉತ್ತರ ಇದೆ ಅನ್ಸುತ್ತೆ ನಂಗೆ. ಎರಡ್ರಲ್ಲೂ ಮೈಗೆ ಆಗೋದು ಒಂದೇ ಅಂದ್ರಲ್ಲ, ಅದಕ್ಕೇ ವ್ಯಾಯಾಮ ಕೆಲ್ಸ ಮಾಡೋದು. ಸ್ವಲ್ಪ ನನ್ ಕಥೆ ಹೇಳ್ತೀನಿ.

ನಂಗೆ ಶುರು ಆಗಿದ್ದು 2021ರಲ್ಲಿ. ಎರಡ್ನೇ ಅಲೇಲಿ ಕೋವಿಡ್ ಆಗಿ ವಾಸಿ ಆಗಿತ್ತು, ಆದ್ರೆ ಆ ಬೆರಳಿಗೆ ಹಾಕೋ ಆಕ್ಸಿಮೀಟರ್ ಬಿಡಕ್ಕಾಗ್ತಿರ್ಲಿಲ್ಲ, 97 ಇದ್ದಿದ್ದು 96 ಆದ್ರೆ ಕೈ ನಡುಗೋದು. ಅಷ್ಟರಲ್ಲಿ ಅಕ್ಟೋಬರ್ 29, ಅಪ್ಪು ಹೋದ್ರು. 46 ವರ್ಷ, ಅಂಥ ಫಿಟ್ ಮನುಷ್ಯ, ಅವತ್ತು ಬೆಳಗ್ಗೆ ವರ್ಕೌಟ್ ಮಾಡಿದ್ರು ಅಂತ ಸುದ್ದಿ. ಆ ವಾರ ಜಯದೇವ ಆಸ್ಪತ್ರೆ ಮುಂದೆ ಎಷ್ಟು ಜನ ಚೆಕಪ್‌ಗೆ ನಿಂತಿದ್ರು ಅಂತ ಎಲ್ಲರಿಗೂ ಗೊತ್ತು, ನಾನೂ ಆ ಸಾಲಲ್ಲಿ ನಿಂತೋಳು. ನಂದೂ ನಾರ್ಮಲ್ ಬಂತು. ಬಂದ್ರೂ ನಂಬಿಕೆ ಇಲ್ಲ. ವಾಕಿಂಗ್ ಬಿಟ್ಟೆ, ಮೆಟ್ಟಿಲು ಬಿಟ್ಟೆ, ಆಮೇಲೆ ಅಡುಗೆಮನೇಲಿ ಒಗ್ಗರಣೆ ಘಾಟಿಗೆ ಕೆಮ್ಮು ಬಂದ್ರೂ ಗಾಬರಿ ಆಗೋಕ್ ಶುರು ಆಯ್ತು. ನೀವು ಲಿಫ್ಟ್ ಹತ್ತೋ ಥರನೇ. ಬಿಡ್ತಾ ಹೋದ್ರೆ ಮೈ ಇನ್ನೂ ಸಣ್ಣ ಸಣ್ಣದಕ್ಕೂ ಹೆದ್ರುತ್ತೆ, ಇದನ್ನ ನಾನು ಎರಡು ವರ್ಷ ಕಳ್ದು ಕಲ್ತಿದ್ದು.

ನನ್ನ ಸೈಕಾಲಜಿಸ್ಟ್ ಒಂದು ಕೆಲ್ಸ ಮಾಡ್ಸಿದ್ರು. ಮೊದ್ಲು ಕೇಳಿದಾಗ ಇವ್ರಿಗೇನು ಹುಚ್ಚಾ ಅನ್ಕೊಂಡೆ. ಅವ್ರ ಮುಂದೇನೇ ಒಂದು ನಿಮಿಷ ನಿಂತಲ್ಲೇ ಓಡಿ ಅಂದ್ರು. ಆಮೇಲೆ ತಿರುಗೋ ಕುರ್ಚಿ ಮೇಲೆ ಕೂರ್ಸಿ ಸುತ್ತಿಸಿದ್ರು, ತಲೆ ಗಿರ್ರಂತು. ಇನ್ನೊಂದಿನ ಮೂಗು ಮುಚ್ಕೊಂಡು ಸ್ಟ್ರಾ ಇಟ್ಟು ಉಸಿರಾಡಿ ಅಂದ್ರು. ಅಂದ್ರೆ ಯಾವ ಲಕ್ಷಣಕ್ಕೆ ನಾನು ಹೆದರ್ತೀನೋ ಅದನ್ನ ಬೇಕಂತಲೇ ಬರಿಸ್ಕೊಂಡು, ಏನೂ ಮಾಡ್ದೆ, ಅದು ತಾನಾಗೇ ಇಳಿಯೋದನ್ನ ಕೂತು ನೋಡೋದು. ಮೊದಲ್ನೇ ದಿನ ಅತ್ತುಬಿಟ್ಟೆ. ನಾಕ್ನೇ ಸಲಕ್ಕೆ ಬೋರ್ ಆಯ್ತು ಕಣ್ರೀ, ನಿಜವಾಗ್ಲೂ. ಬೋರ್ ಆದಾಗ ಅವ್ರು ನಕ್ಕು ಇದೇ ಬೇಕಿತ್ತು ಅಂದ್ರು.

ಆಮೇಲೆ ಚಾಮುಂಡಿ ಬೆಟ್ಟ. ಮೆಟ್ಟಿಲು ಸಾವಿರ ಇದೆ, ಗೊತ್ತಲ್ಲ. ನಾನು ಮೊದಲ್ನೇ ದಿನ ಐವತ್ತು ಹತ್ತಿ ಕೂತೆ. ಎದೆ ಹೊಡ್ಕೊಳ್ತು, ಕೂತಲ್ಲೇ ಕೂತಿದ್ದೆ, ಓಡಿ ಕೆಳಗೆ ಇಳೀಲಿಲ್ಲ, ಅದೇ ಮುಖ್ಯ. ಬಡಿತ ಇಳಿಯೋವರ್ಗೂ ಕೂತಿದ್ದು ಎದ್ದು ಮನೆಗೆ ಬಂದೆ. ಮಾರನೇ ದಿನ ಮತ್ತೆ ಐವತ್ತು. ಒಂದು ವಾರ ಅದೇ ಐವತ್ತು. ಆಮೇಲೆ ನೂರು, ಇನ್ನೂರು. ಏಳ್ನೂರನೇ ಮೆಟ್ಟಿಲ ಹತ್ರ ನಂದಿ ಇದ್ಯಲ್ಲ, ಅಲ್ಲಿವರ್ಗೂ ಹೋಗೋಕೆ ನಂಗೆ ನಾಕು ತಿಂಗ್ಳು ಬೇಕಾಯ್ತು. ಮಧ್ಯೆ ಎರಡು ಸಲ ಪೂರ್ತಿ ಅಟ್ಯಾಕೇ ಆಯ್ತು, ಮುನ್ನೂರರ ಆಸುಪಾಸಲ್ಲಿ. ಒಂದ್ಸಲ ಕೂತು ಕಳೆದೆ, ಇನ್ನೊಂದ್ಸಲ ಆಗ್ಲಿಲ್ಲ, ಇಳಿದು ಓಡಿ ಬಂದ್ಬಿಟ್ಟೆ, ಹದಿನೈದು ದಿನ ಆ ಕಡೆ ತಲೆ ಹಾಕ್ಲಿಲ್ಲ. ಆಮೇಲೆ ಮತ್ತೆ ಐವತ್ತರಿಂದ ಶುರು ಮಾಡಿದೆ. ಹಿಂದಕ್ಕೆ ಹೋದ್ರೂ ಪರ್ವಾಗಿಲ್ಲ, ಎರಡ್ನೇ ಸಲ ಬೇಗ ಆಗುತ್ತೆ.

ಒಂದು ಮಾತು ಮಾತ್ರ ನೆನಪಿಟ್ಕೊಳಿ. ಗಾಬರಿ ಓಡಿಸೋಕೆ ಅಂತ ಓಡ್ಬೇಡಿ, ಹಂಗೆ ಓಡಿದ್ರೆ ಹೋಯ್ತಾ ಹೋಯ್ತಾ ಅಂತ ಚೆಕ್ ಮಾಡ್ತಾನೇ ಇರ್ತೀರ. ಬಡಿತ ಜಾಸ್ತಿ ಆಗ್ಲಿ, ಅದ್ರ ಜೊತೆ ಇರೋದು ಕಲೀತೀನಿ ಅಂತ ಹೋಗಿ. ಮತ್ತೆ ಆ ವಾಚ್ ತೆಗ್ದಿಡಿ ಮೊದ್ಲು. ಮಾತ್ರೆ ವಿಷಯ ನಂಗೆ ಗೊತ್ತಿಲ್ಲ, ನಾನು ತಗೊಳ್ಲಿಲ್ಲ, ಡಾಕ್ಟ್ರು ನಂಗೆ ಬರ್ದೂ ಇರ್ಲಿಲ್ಲ.

ಎಮರ್ಜೆನ್ಸಿ_ಸಿಸ್ಟರ್:

ನಾನು ಸ್ಟಾಫ್ ನರ್ಸ್, ಎಮರ್ಜೆನ್ಸಿಲಿ ಒಂಬತ್ತು ವರ್ಷ. ಹಾಸನದ ಹುಡುಗ ಅವ್ರೇ, ನಿಮ್ಮ ಪೋಸ್ಟಲ್ಲಿ ಒಂದು ನಂಬರ್ ನೋಡಿ ಬರೀಲೇಬೇಕು ಅನ್ನಿಸ್ತು. ವಾಚಲ್ಲಿ 158 ನೋಡಿ ಹೆದ್ರಿದೆ ಅಂದ್ರಲ್ಲ. ಟಿಎಂಟಿ ಮಾಡುವಾಗ ನಾವು ಲೆಕ್ಕ ಹಾಕೋದು ಹೆಂಗೆ ಗೊತ್ತಾ, 220ರಲ್ಲಿ ವಯಸ್ಸು ಕಳೀತೀವಿ, ನಿಮ್ಗೆ 186 ಬರುತ್ತೆ, ಅದ್ರ ನೂರಕ್ಕೆ 85 ಭಾಗ ಮುಟ್ಟಿದ್ರೆ ಟೆಸ್ಟ್ ಸರಿಯಾಗಿ ಆಯ್ತು ಅಂತ. ಲೆಕ್ಕ ಹಾಕಿ ನೋಡಿ, 158. ಅಂದ್ರೆ ಜಿಮ್ಮಲ್ಲಿ ಯಾವ ನಂಬರ್ ನೋಡಿ ಸತ್ತೇ ಹೋದೆ ಅನ್ಕೊಂಡ್ರೋ, ಮಾರನೇ ವಾರ ಆಸ್ಪತ್ರೇಲಿ ಇಸಿಜಿ ವೈರು ಅಂಟಿಸಿ ಬೇಕಂತಲೇ ಅಲ್ಲಿವರ್ಗೂ ಓಡ್ಸಿರ್ತಾರೆ. ಆ ರಿಪೋರ್ಟ್ ಎಲ್ಲಿದೆ ಹುಡುಕಿ, ಮ್ಯಾಕ್ಸಿಮಮ್ ಹಾರ್ಟ್ ರೇಟ್ ಅಂತ ಬರ್ದಿರುತ್ತೆ, ನಿಮ್ಮ ಕಣ್ಣಾರೆ ನೋಡಿ.

ಈಗ ಸಾರ್ಬಿಟ್ರೇಟ್. ಅದನ್ನ ದಯವಿಟ್ಟು ಪರ್ಸಿಂದ ತೆಗೀರಿ. ಹಾರ್ಟ್ ಪೇಷಂಟಿಗೆ ಡಾಕ್ಟ್ರು ಬರ್ಕೊಟ್ರೆ ಮಾತ್ರ ಅದು. ಅದು ರಕ್ತನಾಳ ಸಡಿಲ ಮಾಡಿ ಬಿಪಿ ಇಳ್ಸುತ್ತೆ. ನಿಮ್ಮಂಥೋರು ಗಾಬರೀಲಿ ನಾಲಿಗೆ ಕೆಳಗೆ ಇಟ್ಕೊಂಡ್ರೆ ತಲೆ ಸಿಡಿಯುತ್ತೆ, ಕಣ್ಣು ಕತ್ತಲೆ ಬರುತ್ತೆ, ಬಡಿತ ಇನ್ನೂ ಜಾಸ್ತಿ ಆಗುತ್ತೆ, ಆಗ ನಿಜವಾಗ್ಲೂ ಹಾರ್ಟೇ ಅಂತ ಅನ್ಕೋತೀರ. ಹಾಸನ ಸುದ್ದಿ ಆದ್ಮೇಲೆ ಎಷ್ಟು ಜನ ಹುಡುಗ್ರ ಜೇಬಲ್ಲಿ ನೋಡಿದೀನಿ ಇದನ್ನ, ಹೊಟ್ಟೆ ಉರಿಯುತ್ತೆ. ಆ ಸಾವುಗಳ ಬಗ್ಗೆ ಸರ್ಕಾರ ತಜ್ಞರ ಸಮಿತಿ ಮಾಡಿ ನೋಡಿಸ್ತು, ಹಾಸನದಲ್ಲಿ ಹಿಂದಿನದಕ್ಕಿಂತ ಅಸಹಜವಾಗಿ ಏರಿಲ್ಲ ಅಂತ ವರದಿ ಬಂತು, ಆದ್ರೆ ಅದನ್ನ ಟೀವಿಲಿ ಎಷ್ಟು ಹೊತ್ತು ತೋರಿಸಿದ್ರು ಹೇಳಿ.

ಜೋಮು ಹಿಡಿಯೋದು ಯಾಕೆ ಅಂತನೂ ಹೇಳ್ಬಿಡ್ತೀನಿ, ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ಉಸಿರು ಸಾಲ್ತಿಲ್ಲ ಅನ್ನಿಸಿ ಜೋರಾಗಿ ಎಳೀತೀರಲ್ಲ, ನಿಜಕ್ಕೆ ಆಮ್ಲಜನಕ ಕಮ್ಮಿ ಆಗಿರಲ್ಲ. ಜಾಸ್ತಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ವಿಪರೀತ ಆಚೆ ಹೋಗಿರುತ್ತೆ, ಅದ್ರಿಂದ ಬೆರಳು ತುಟಿ ಜುಮ್ಮನ್ನೋದು, ತಲೆ ಹಗುರ ಆಗೋದು, ಕೆಲವ್ರಿಗೆ ಕೈ ಬೆರಳು ಸೆಟೆದು ಮಡಚ್ಕೊಂಡ್ಬಿಡುತ್ತೆ. ಪಕ್ಕದಲ್ಲಿರೋರು "ಜೋರಾಗಿ ಉಸಿರು ತಗೋ ತಗೋ" ಅಂತಾರೆ, ಅದು ತಪ್ಪು. ಮೂಗಲ್ಲಿ ಸಣ್ಣಗೆ ತಗೊಂಡು ಬಿಡೋದನ್ನ ಉದ್ದ ಮಾಡಿ, ತಗೊಳೋಕೆ ನಾಕು ಎಣಿಸಿದ್ರೆ ಬಿಡೋಕೆ ಆರು. ಕವರಿಗೆ ಬಾಯಿಟ್ಟು ಉಸಿರಾಡೋದು ಹಳೇ ಕಾಲದ್ದು, ಈಗ ಹೇಳ್ಕೊಡಲ್ಲ, ಆಸ್ತಮಾನೋ ನಿಜವಾದ ಹಾರ್ಟ್ ತೊಂದ್ರೆನೋ ಇದ್ರೆ ಅಪಾಯ. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ತುದಿ ಮುಟ್ಟಿ ಇಳಿಯೋಕೆ ಶುರು ಆಗುತ್ತೆ, ಅದು ಏರ್ತಾನೇ ಹೋಗಲ್ಲ. ಸುಸ್ತು ಮಾತ್ರ ಆಮೇಲೂ ಸುಮಾರು ಹೊತ್ತು ಇರುತ್ತೆ.

ಇಲ್ಲಿ ಓದ್ತಿರೋ ಬೇರೆಯವ್ರಿಗೆ ಒಂದು ಮಾತು. ಇವ್ರಿಗೆ ಟೆಸ್ಟ್ ಎಲ್ಲ ಆಗಿದೆ ಅಂತ ಹೀಗೆ ಹೇಳ್ತಿದೀನಿ. ಮೊದಲ್ನೇ ಸಲ ಎದೆನೋವು ಬಂದೋರು ಮನೇಲೇ ಇದು ಪ್ಯಾನಿಕ್ ಅಂತ ತೀರ್ಮಾನ ಮಾಡ್ಬೇಡಿ. ನಡೆದಾಗ ಬಂದು ನಿಂತಾಗ ಹೋಗೋ ಎದೆನೋವು, ಎಡಗೈಗೋ ದವಡೆಗೋ ಹರಡೋದು, ಪ್ರಜ್ಞೆ ತಪ್ಪೋದು, ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹೃದಯದ ತೊಂದ್ರೆಯಿಂದ ಹೋಗಿರೋದು, ಇಂಥದ್ದಿದ್ರೆ ಮೊದ್ಲು ಆಸ್ಪತ್ರೆ. ಬಂದು ಏನೂ ಇಲ್ಲ ಅಂತಾದ್ರೆ ನಮ್ಗೆ ಬೇಜಾರಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಸಹ ಒಂದ್ಸಲ ನೋಡಿಸಿ, ಥೈರಾಯ್ಡ್ ಜಾಸ್ತಿ ಇದ್ರೂ ಹೀಗೇ ಎದೆ ಹೊಡ್ಕೊಳ್ಳುತ್ತೆ.

ಶಾಂತಿ_ಯೋಗ:

ಇದಕ್ಕೆಲ್ಲ ಪ್ರಾಣಾಯಾಮ ಒಂದೇ ಪರಿಹಾರ. ಬೆಳಗ್ಗೆ ಖಾಲಿ ಹೊಟ್ಟೇಲಿ ಕಪಾಲಭಾತಿ, ಭಸ್ತ್ರಿಕಾ ಹತ್ತತ್ತು ನಿಮಿಷ ಮಾಡಿ, ಒಂದು ತಿಂಗ್ಳಲ್ಲಿ ಎಲ್ಲ ಹೋಗುತ್ತೆ. ಮಾತ್ರೆ ಶುರು ಮಾಡ್ಬೇಡಿ, ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ.

ಮೆಟ್ಟಿಲು_ಮೈಸೂರು:

ಮೇಡಂ ಯೋಗದ ಬಗ್ಗೆ ಗೌರವ ಇದೆ, ನಾನೂ ಮಾಡ್ತೀನಿ. ಆದ್ರೆ ಭಸ್ತ್ರಿಕಾ ನಂಗೆ ಶುರೂಲಿ ನೇರವಾಗಿ ಅಟ್ಯಾಕ್ ತಂದಿದೆ, ಸಿಸ್ಟರ್ ಹೇಳಿದ್ರಲ್ಲ ಜೋರು ಉಸಿರಾಟದ ಕಥೆ, ಅದೇ. ಪ್ಯಾನಿಕ್ ಇರೋರಿಗೆ ಮೊದಲ್ನೇ ದಿನಾನೇ ಅದನ್ನ ಹೇಳ್ಬೇಡಿ. ಭ್ರಾಮರಿ ನಂಗೆ ಹಿಡಿಸ್ತು, ಗುಂಯ್ ಅಂತ ಬಿಡುವಾಗ ಉಸಿರು ತಾನಾಗೇ ಉದ್ದ ಆಗುತ್ತೆ. ಮತ್ತೆ ಡಾಕ್ಟ್ರು ಬರ್ದಿರೋ ಮಾತ್ರೆ ತಗೋಬೇಡಿ ಅಂತ ನಾವ್ಯಾರೂ ಇಲ್ಲಿ ಕೂತು ಹೇಳೋದು ಸರಿಯಲ್ಲ.

ಧಾರವಾಡ_ಪೇಡೆ:

ಅಣ್ಣಾರ, ಮಾತ್ರಿ ವಿಷಯ ಬಂತಲ್ರೀ, ಅದಕ್ಕ ಬರಿಯಾಕತ್ತೀನಿ. ನಂಗ 51. ಹನ್ನೆರಡ ವರ್ಷದ ಹಿಂದ ಚಾಲೂ ಆಗಿತ್ತು. ನಮ್ಮ ಕಡೆ ಆಗ ಪ್ಯಾನಿಕ್ ಅನ್ನೂ ಶಬ್ದಾನ ಯಾರಿಗೂ ಗೊತ್ತಿರಲಿಲ್ಲ, ಎದಿ ಧಡಧಡ ಅಂತೈತಿ ಜೀವ ಹೋದಂಗ ಆಗ್ತೈತಿ ಅಂದ್ರ ಯಾರದೋ ಕಣ್ಣ ಬಿದ್ದೈತಿ ಅಂತ ನಿವಾಳಿಸಿದ್ರು, ತಾಯತ ಕಟ್ಟಿಸಿದ್ರು, ಒಬ್ರು ಲಿಂಬಿಹಣ್ಣ ತಲಿದಿಂಬಿನ ಕೆಳಗ ಇಟ್ರು. ಅವ್ವ ಪ್ರೀತಿಲಿಂದ ಮಾಡಿದ್ದು, ಅಕಿಗೆ ನಾ ಏನೂ ಅನ್ನಂಗಿಲ್ಲ.

ಆಮ್ಯಾಲ ಯಾರೋ ಗೆಳೆಯಾ ಒಂದು ಮಾತ್ರಿ ಕೊಟ್ಟ, ಅಲ್ಪ್ರಾಜೋಲಾಮ್. ಅರ್ಧಾ ತಾಸಿನ್ಯಾಗ ಎದಿ ತಣ್ಣಗ ಆತು. ಸ್ವರ್ಗ ಸಿಕ್ಕಂಗ ಆತ್ರಿ. ಚೀಟಿ ಇಲ್ದ ಒಂದು ಅಂಗಡ್ಯಾಗ ತಗೋತ ಹೋದೆ, ಅರ್ಧ ಇದ್ದದ್ದು ಒಂದಾತು, ಒಂದು ಎರಡಾತು. ಒಂದಿನ ಊರಿಗೆ ಹೋದಾಗ ಮರತು ಬಿಟ್ಟುಹೋದೆ, ಎರಡ ದಿವಸ ನಿದ್ದಿ ಇಲ್ಲ, ಮೈಯೆಲ್ಲಾ ನಡುಕ, ಮೊದಲಿಗಿಂತ ಹತ್ತಪಟ್ಟ ಗಾಬರಿ. ಅವತ್ತ ತಿಳೀತು ನಾ ಎಲ್ಲಿ ಸಿಕ್ಕೊಂಡೀನಿ ಅಂತ. ಧಾರವಾಡದ ಡಿಮ್ಹಾನ್ಸಿಗೆ, ಅಂದ್ರ ಸರ್ಕಾರಿ ಮಾನಸಿಕ ಆಸ್ಪತ್ರಿಗೆ ಹೋದೆ. ಅವರು ಅದನ್ನ ಒಮ್ಮಿಂದೊಮ್ಮೆಲೆ ಬಿಡಿಸಲಿಲ್ಲ, ತಿಂಗಳಾನುಗಟ್ಟಲೆ ಇಷ್ಟಿಷ್ಟ ಇಳಿಸಿದ್ರು, ಜೊತಿಗೆ ಬ್ಯಾರೆ ನಮೂನಿ ಮಾತ್ರಿ ಕೊಟ್ರು, ಎಸ್ಸಿಟಾಲೋಪ್ರಾಮ್. ಇವೆರಡೂ ಒಂದ ಅಲ್ಲ, ಅದನ್ನ ತಿಳ್ಕೋರಿ. ಎರಡನೇದಕ್ಕ ಆ ಥರ ಚಟ ಹತ್ತೂದಿಲ್ಲ. ಆದ್ರ ಅದು ಕೆಲಸಾ ಮಾಡಾಕ ನಾಕೈದ ವಾರ ಬೇಕು, ಮತ್ತ ಮೊದಲ ಎರಡ ವಾರ ನಂಗ ಇನ್ನಷ್ಟ ಚಡಪಡಿಕಿ ಆಗಿತ್ತು. ಇದನ್ನ ಡಾಕ್ಟ್ರು ಮೊದಲ ಹೇಳಿದ್ರು, ಕಡಿಮಿ ಡೋಸಿನಿಂದ ಚಾಲೂ ಮಾಡಿದ್ರು, ಅದಕ್ಕ ತಡಕೊಂಡೆ. ಹೇಳದಿದ್ರ ಮೂರನೇ ದಿನಕ್ಕ ಒಗೀತಿದ್ದೆ. ಬಿಡೂ ಮುಂದನೂ ಅವರನ್ನ ಕೇಳೇ ಬಿಡಬೇಕು.

ವ್ಯಾಯಾಮ ಛಲೋ ಐತ್ರಿ, ನಾನೂ ಕೆಲಗೇರಿ ಕೆರಿ ದಂಡಿಗೆ ದಿನಾ ಮುಂಜಾನೆ ಅಡ್ಡಾಡ್ತೀನಿ ಈಗನೂ. ಆದ್ರ ನಾ ಹಾಸಿಗಿ ಬಿಟ್ಟ ಏಳಾಕ ಆಗಲಾರದ ಸ್ಥಿತಿಯೊಳಗ ಇದ್ದಾಗ ಯಾರರೆ ಬಂದು ಓಡು ಅಂದಿದ್ರ ಓಡಾಕ ಆಗ್ತಿರಲಿಲ್ಲ. ಮಾತ್ರಿ ನನ್ನ ಎಬ್ಬಿಸಿ ನಿಲ್ಲಿಸ್ತು, ಆಮ್ಯಾಲ ನಡದದ್ದು ನಾ. ಬರೆ ನಡದ ಹೋಗತೈತಿ ಅನ್ನವರಿಗೂ ಬರೆ ಮಾತ್ರಿ ಸಾಕು ಅನ್ನವರಿಗೂ ನನ್ನದು ಒಪ್ಪಿಗಿ ಇಲ್ಲ.

ಓದುಗ_ಪುಸ್ತಕ:

ಧಾರವಾಡದವ್ರು ಹೇಳಿದ್ದಕ್ಕೆ ಸರಿಹೊಂದೋ ಒಂದು ಸಂಗತಿ. ನಾನು ಮನಶ್ಶಾಸ್ತ್ರ ಓದಿದೋನು, ಪಾಠ ಮಾಡ್ತೀನಿ. ಓಟ ಮತ್ತೆ ಮಾತ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ ಒಂದಿದೆ, ಜರ್ಮನಿಯದು, 1998ರಲ್ಲಿ ಪ್ರಕಟ ಆಗಿದ್ದು. ಪ್ಯಾನಿಕ್ ಇರೋ 46 ಜನ, ಹತ್ತು ವಾರ. ಕೆಲವ್ರಿಗೆ ಓಟ, ಕೆಲವ್ರಿಗೆ ಕ್ಲೋಮಿಪ್ರಮಿನ್ ಅನ್ನೋ ಮಾತ್ರೆ, ಇನ್ನು ಕೆಲವ್ರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ. ಓಡಿದೋರು ಹುಸಿ ಮಾತ್ರೆಯವ್ರಿಗಿಂತ ಸ್ಪಷ್ಟವಾಗಿ ಚೇತರಿಸ್ಕೊಂಡ್ರು. ಆದ್ರೆ ನಿಜವಾದ ಮಾತ್ರೆ ಇನ್ನೂ ಬೇಗ, ಇನ್ನೂ ಚೆನ್ನಾಗಿ ಕೆಲ್ಸ ಮಾಡ್ತು. ಇನ್ನೊಂದು ವಿಷಯ, ಓಟದ ಗುಂಪಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನ ಮಧ್ಯದಲ್ಲೇ ಬಿಟ್ಟೋದ್ರು, ಮಾತ್ರೆ ಗುಂಪಲ್ಲಿ ಒಬ್ರೂ ಬಿಡ್ಲಿಲ್ಲ. ಚಿಕ್ಕ ಅಧ್ಯಯನ, ಮಾತ್ರೆನೂ ಹಳೇದು, ಆದ್ರೂ ನಂಗೆ ಇದು ಪ್ರಾಮಾಣಿಕವಾಗಿ ಕಾಣುತ್ತೆ. ಓಟಕ್ಕೆ ಶಕ್ತಿ ಇದೆ, ಓಡ್ತಾ ಇರೋದೇ ಕಷ್ಟ. ಅದಕ್ಕೇ ಮೈಸೂರಿನವ್ರು ಐವತ್ತು ಮೆಟ್ಟಿಲಿಂದ ಶುರು ಮಾಡಿದ್ದು ಸರಿಯಾದ ದಾರಿ ಅನ್ಸುತ್ತೆ.

ಇನ್ನೊಂದು, ಹಾಸನದವ್ರೇ, ವ್ಯಾಯಾಮದ ಬಗ್ಗೆ ನಿಮ್ಮ ಹೆದರಿಕೆಗೆ ಹಳೇ ಆಧಾರನೂ ಇದೆ, ನೀವೊಬ್ರೇ ಅಲ್ಲ. 1967ರಲ್ಲಿ ಅಮೆರಿಕದಲ್ಲಿ ಇಂಥ ರೋಗಿಗಳ ರಕ್ತನಾಳಕ್ಕೆ ಲ್ಯಾಕ್ಟೇಟ್ ಕೊಟ್ಟು ನೋಡಿದ್ರು, ಹೆಚ್ಚಿನವ್ರಿಗೆ ಅಟ್ಯಾಕ್ ಬಂತು. ಜೋರಾಗಿ ಓಡಿದ್ರೆ ಮೈಯಲ್ಲಿ ಲ್ಯಾಕ್ಟೇಟ್ ಏರುತ್ತಲ್ಲ, ಹಾಗಾಗಿ ಇವ್ರಿಗೆ ವ್ಯಾಯಾಮ ಬೇಡ ಅಂತ ಸುಮಾರು ವರ್ಷ ಭಾವಿಸಿದ್ದೂ ಉಂಟು. ಆಮೇಲೆ ನಿಜವಾಗಿ ಓಡಿಸಿ ನೋಡಿದಾಗ ಆ ಭಯ ಅಷ್ಟು ನಿಜ ಅಲ್ಲ ಅಂತ ಗೊತ್ತಾಯ್ತು.

ನಮ್ಮನೆಯವರಿಗೆ:

ನನ್ನ ಗಂಡನಿಗೆ ಇದಿದೆ, ಅದಕ್ಕೆ ಓದ್ತಾ ಕೂತಿದ್ದೆ. ಮನೆಯವ್ರು ಏನು ಮಾಡ್ಬೇಕು ಅಂತ ಯಾರೂ ಬರೀಲಿಲ್ಲ. ನಾನು ಶುರೂಲಿ "ಏನೂ ಆಗಿಲ್ಲ ಸುಮ್ನಿರಿ, ಮನಸ್ಸು ಗಟ್ಟಿ ಮಾಡ್ಕೊಳಿ" ಅಂತಿದ್ದೆ, ಅವ್ರಿಗೆ ಅದು ಕೋಪನೇ ಬರ್ಸೋದು, ಆಗ್ತಿರೋದು ಅವ್ರಿಗೆ ತಾನೆ. ಈಗ ಪಕ್ಕದಲ್ಲಿ ಕೂತು "ಬಂದಿದೆ, ಹೋಗುತ್ತೆ, ನಾನಿಲ್ಲೇ ಇದೀನಿ" ಅಷ್ಟೇ ಅನ್ನೋದು, ನೀರು ಕುಡೀರಿ ಗಾಳಿ ಹಾಕ್ತೀನಿ ಅಂತ ಗಡಿಬಿಡಿ ಮಾಡಲ್ಲ. ನಾನು ಗಡಿಬಿಡಿ ಮಾಡಿದ್ರೆ ಅವ್ರಿಗೆ ನಿಜವಾಗ್ಲೂ ಏನೋ ಆಗಿದೆ ಅನ್ಸುತ್ತಂತೆ. ಮತ್ತೆ ಅವ್ರ ಬದ್ಲು ಬ್ಯಾಂಕು ಅಂಗಡಿ ಅಂತ ಎಲ್ಲ ಕಡೆ ನಾನೇ ಹೋಗ್ತಿದ್ದೆ ಪಾಪ ಅಂತ, ಡಾಕ್ಟ್ರು ಅದನ್ನ ನಿಲ್ಸಿ ಅಂದ್ರು. ಕಷ್ಟ ಆಯ್ತು, ನಿಲ್ಸಿದೆ. ಕಾಫಿ ದಿನಕ್ಕೆ ಐದಾರು ಆಗ್ತಿತ್ತು ಅವ್ರದ್ದು, ಒಂದಕ್ಕೆ ಇಳ್ಸಿದೀವಿ, ಸ್ಟ್ರಾಂಗ್ ಫಿಲ್ಟರ್ ಕಾಫಿ ಆದ್ಮೇಲೆ ಎದೆ ಹೊಡ್ಕೊಳ್ಳೋದು ಅವ್ರಿಗೂ ಗೊತ್ತಾಗ್ತಿತ್ತು. ರಾತ್ರಿ ಹೊತ್ತು ಏನು ಮಾಡೋದು ಗೊತ್ತಾಗ್ದೆ ಒಂದ್ಸಲ 14416ಗೆ ಫೋನ್ ಮಾಡಿದ್ದೆ, ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದ್ರು. ನನ್ನ ಮಾತೂ ಕೇಳಿದ್ರು, ಅದು ದೊಡ್ಡದಾಗಿತ್ತು ನಂಗೆ ಅವತ್ತು.

ಹಾಸನದ_ಹುಡುಗ:

ಎರಡು ತಿಂಗ್ಳಾಯ್ತು, ಉತ್ತರ ಕೊಟ್ಟೋರಿಗೆಲ್ಲ ಹೇಳ್ಲೇಬೇಕು ಅಂತ ಬಂದೆ.

ಸಿಸ್ಟರ್, ನೀವು ಹೇಳಿದ ರಾತ್ರಿನೇ ಬೀರು ಕೆದಕಿ ಟಿಎಂಟಿ ರಿಪೋರ್ಟ್ ತೆಗ್ದೆ. 164 ಅಂತ ಬರ್ದಿದೆ. ನೂರಾ ಅರವತ್ನಾಕು. ಅವತ್ತು ಅಲ್ಲಿ ಡಾಕ್ಟ್ರು ಪಕ್ಕದಲ್ಲಿದ್ರು ಅಂತ ನಂಗೆ ಗಾಬರಿನೇ ಆಗಿರ್ಲಿಲ್ಲ, ಬರೀ ಸುಸ್ತಾಗಿತ್ತು. ಅದೇ ಹಾರ್ಟು, 158ಕ್ಕೆ ಸತ್ತೆ ಅನ್ಕೊಂಡಿದ್ದು. ಆ ಹಾಳೆ ಇಟ್ಕೊಂಡು ಸುಮಾರು ಹೊತ್ತು ಕೂತಿದ್ದೆ, ಹೆಂಡ್ತಿ ಏನಾಯ್ತು ಅಂತ ಎದ್ದು ಬಂದ್ರು.

ಮಾತ್ರೆ ಶುರು ಮಾಡಿದೆ. ಧಾರವಾಡದ ಅಣ್ಣ ಹೇಳ್ದಂಗೆ ಮೊದಲ್ನೇ ವಾರ ಚಡಪಡಿಕೆ ಇತ್ತು, ಗೊತ್ತಿದ್ರಿಂದ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ ಮುಂದುವರಿಸಿದೆ. ಸೈಕಾಲಜಿಸ್ಟ್ ಹತ್ರ ಆರು ಸಲ ಹೋಗಿದೀನಿ, ಕುರ್ಚಿ ಮೇಲೆ ಸುತ್ತಿದ್ದೂ ಆಯ್ತು.

ನಮ್ಮ ಬಿಲ್ಡಿಂಗ್ ಮೆಟ್ಟಿಲೇ ನನ್ನ ಬೆಟ್ಟ ಮಾಡ್ಕೊಂಡೆ. ಮೊದ್ಲು ಒಂದು ಫ್ಲೋರ್ ಹತ್ತಿ ನಿಂತು, ಕೈ ಎದೆ ಮೇಲೆ ಇಡ್ದೆ, ವಾಚ್ ಇಲ್ದೆ, ಸುಮ್ನೆ ನಿಲ್ಲೋದು. ಕೈ ಎದೆ ಮೇಲೆ ಇಡ್ದೇ ಇರೋದಿದ್ಯಲ್ಲ, ಅದು ಹತ್ತೋದಕ್ಕಿಂತ ಕಷ್ಟ ಆಯ್ತು. ಈಗ ಮೂರು ಫ್ಲೋರ್ ದಿನಕ್ಕೆ ನಾಕೈದು ಸಲ, ಮೊನ್ನೆ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹತ್ತಿದೆ, ಅಪ್ಪ ನಿನ್ ಎದೆ ಡಬ್ ಡಬ್ ಅಂತಿದೆ ಅಂದ್ಲು ತಲೆ ಬಗ್ಗಿಸಿ. ಹೌದು ಪುಟ್ಟಿ ಅಂದೆ. ಅದು ಕೇಳಿದ್ರೂ ಏನೂ ಆಗ್ಲಿಲ್ಲ ನಂಗೆ.

ಅಟ್ಯಾಕ್ ಪೂರ್ತಿ ನಿಂತಿಲ್ಲ, ಈ ಎರಡು ತಿಂಗ್ಳಲ್ಲಿ ಎರಡು ಸಲ ಆಯ್ತು. ಒಂದು ಮೆಟ್ರೋಲಿ. ಮುಂದಿನ ಸ್ಟೇಷನ್ನಲ್ಲಿ ಇಳಿಯೋಣ ಅಂತ ಬಾಗಿಲ ಹತ್ರ ಬಂದು ನಿಂತಿದ್ದೆ, ಬಾಗಿಲು ತೆಗೀತು, ಇಳೀಲಿಲ್ಲ. ಕಾಲು ನಡುಗ್ತಿತ್ತು, ಬಿಡೋ ಉಸಿರು ಎಣಿಸ್ತಾ ನಿಂತೆ, ನನ್ ಸ್ಟೇಷನ್ ಬರೋಷ್ಟ್ರಲ್ಲಿ ಇಳಿದಿತ್ತು. ಇನ್ನೊಂದು ರಾತ್ರಿ ಆಗಿದ್ದು, ಅದಕ್ಕೆ ಇನ್ನೂ ಹೆದರ್ತೀನಿ, ಸುಳ್ಳು ಯಾಕೆ ಹೇಳ್ಲಿ. ಟ್ರೆಡ್‌ಮಿಲ್ ಮೇಲೂ ಇನ್ನೂ ಹತ್ತಿಲ್ಲ. ಸಾರ್ಬಿಟ್ರೇಟ್ ಪರ್ಸಲ್ಲಿಲ್ಲ.

ಅಮ್ಮನಿಗೆ ಫೋನಲ್ಲಿ ಎಲ್ಲ ಹೇಳಿದೆ, ಅವ್ರಿಗೆ ಅರ್ಥ ಆಗಿದ್ದು ಎಷ್ಟೋ ಗೊತ್ತಿಲ್ಲ, ಆದ್ರೆ ಚಾಮುಂಡಿ ಬೆಟ್ಟ ಹತ್ತಬೇಕು ಅಂತಿದೀನಿ ಅಂದಿದ್ದಕ್ಕೆ ನಾನೂ ಬರ್ತೀನಿ, ಹರಕೆ ಇತ್ತು ಅಂದ್ರು. ಮುಂದಿನ ಭಾನುವಾರ ಹೊರಟಿದೀವಿ. ನೂರು ಮೆಟ್ಟಿಲಾದ್ರೂ ಸರಿ. ಮೈಸೂರು ಮೇಡಂ, ಬೆಳಗ್ಗೆ ಎಷ್ಟೊತ್ತಿಗೆ ಶುರು ಮಾಡಿದ್ರೆ ಒಳ್ಳೇದು?

ಮೆಟ್ಟಿಲು_ಮೈಸೂರು:

ಓದಿ ಕಣ್ಣಲ್ಲಿ ನೀರು ಬಂತು. ಆರಕ್ಕೆಲ್ಲ ಕೆಳಗಿರಿ, ಬಿಸಿಲು ಏರಿದ್ರೆ ಕಲ್ಲು ಕಾಯುತ್ತೆ, ಅಮ್ಮನಿಗೆ ಕಷ್ಟ. ಆ ಹೊತ್ತಿಗೆ ಒಂದೊಂದೇ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹತ್ತೋರು ಯಾರಾದ್ರೂ ಸಿಕ್ಕೇ ಸಿಕ್ತಾರೆ. ಅವ್ರ ಹಿಂದೆ ಹತ್ತಿ, ಅದಕ್ಕಿಂತ ನಿಧಾನ ಬೇಡ, ಅದಕ್ಕಿಂತ ಬೇಗನೂ ಬೇಡ.